ಕಳೆದುಹೋದ ನನ್ನ ಬಾಕಿಯ ಬಗ್ಗೆ ಮುಯ್ಯಿ ಕಾಯಿನ್ನಿಗೆ ಒಂದು ಅರಿಕೆ

ಇವರಿಂದ:
ಖಮರುನ್ನೀಸಾ, ಟೇಲರ್ ಹಾಗೂ ಕೌದಿ ಹೊಲಿಯುವವಳು, ಚನ್ನಗಿರಿ.

ಇವರಿಗೆ:
ಶ್ರೀಮಾನ್ ಮುಯ್ಯಿ ಕಾಯಿನ್, ಎರಡನೇ ಅವತಾರ.
ವಾಸ: ನ್ಯಾಮತಿಯ ಮೊಬೈಲ್ ರಿಪೇರಿ ಅಂಗಡಿಯ ಒಂದು ಕಂಪ್ಯೂಟರು, ಹೊನ್ನಾಳಿಯ ಡಿಟಿಪಿ ಅಂಗಡಿಯ ಒಂದು ಕಂಪ್ಯೂಟರು, ಮತ್ತು ಕರೆಂಟು ಇದ್ದಾಗ ಜಗಳೂರು.

ವಿಷಯ: ತಾವು ಮರುಹುಟ್ಟು ಪಡೆದ ಸಂಭ್ರಮದಲ್ಲಿ ನನ್ನ ಗೆಳತಿ ಕಳೆದುಹೋದ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮಗೆ ನನ್ನ ಸಲಾಮು, ಶರಣು ಮತ್ತು ನಮಸ್ಕಾರ. ತಮ್ಮ ಕುಲಗೋತ್ರ ನನಗೆ ತಿಳಿಯದ ಕಾರಣ ಮೂರನ್ನೂ ಒಟ್ಟಿಗೇ ಕಳಿಸಿದ್ದೇನೆ. ತಮ್ಮ ಹೊಸ ಆವೃತ್ತಿಗೆ ಯಾವುದು ಹೊಂದುತ್ತದೋ ಅದನ್ನು ಇಟ್ಟುಕೊಂಡು, ಹೊಂದದೇ ಇರುವುದನ್ನು ತಮ್ಮ ವಾಡಿಕೆಯಂತೆ ಸೊನ್ನೆ ಮಾಡಬಹುದು. ತಾವು ಒಮ್ಮೆ ಕಣ್ಣುಮುಚ್ಚಿ, ಕೆಲಕಾಲ ಎಲ್ಲಿದ್ದಿರೋ ಯಾರಿಗೂ ತಿಳಿಯದಂತಿದ್ದು, ಈಗ ಹೊಸ ಬಣ್ಣ, ಹೊಸ ಚಿಹ್ನೆಗಳೊಂದಿಗೆ ಮತ್ತೆ ಹುಟ್ಟಿ ಬಂದಿದ್ದೀರೆಂಬ ಸುದ್ದಿ ಕೇಳಿ ನಾಲ್ಕು ತಾಲ್ಲೂಕುಗಳಲ್ಲಿ ಸಂತೋಷಪಡದವರಿಲ್ಲ, ನನ್ನೊಬ್ಬಳನ್ನು ಬಿಟ್ಟರೆ.

ನಾನು ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡವಳು. ಬ್ಲೌಸು, ಚೂಡಿದಾರ, ಬುರ್ಖಾ ಹೊಲಿಯುವುದು ನನ್ನ ಹೊಟ್ಟೆಪಾಡು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೌದಿ ಹೊಲಿಯುವುದು ನನ್ನ ಖುಷಿ. ಈ ಪತ್ರದ ಭಾಷೆ ನೋಡಿ ಯಾರೋ ವಕೀಲರ ಕೈಯಲ್ಲಿ ಬರೆಸಿದ್ದೇನೆಂದು ತಾವು ಭಾವಿಸಬಾರದು. ಕನ್ನಡ ಮೀಡಿಯಮ್ಮಿನಲ್ಲಿ ಓದುವಾಗ ರಜೆ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ನಮ್ಮ ಶಿವಮೂರ್ತಪ್ಪ ಮೇಷ್ಟ್ರು "ಈ ಹುಡ್ಗಿ ಅರ್ಜಿ ಓದಿದ್ರೆ ಜ್ವರ ನನಗೇ ಬಂದಂಗೆ ಆಗ್ತೈತೆ" ಎಂದು ಹೇಳಿ, ನನಗೆ ರಜೆ ಕೊಟ್ಟು ತಾವೂ ಮನೆಗೆ ಹೋಗುತ್ತಿದ್ದರು.

ಇದು ಬಹಿರಂಗ ಪತ್ರವಾದ್ದರಿಂದ, ಟೀ ಅಂಗಡಿಯ ಗೋಡೆಯ ಮೇಲೆ ಇದನ್ನು ನಿಂತು ಓದುವವರಿಗೂ ತಮ್ಮ ಪೂರ್ವೋತ್ತರ ತಿಳಿಯಬೇಕು. ನಮ್ಮ ಕಡೆ ಮುಯ್ಯಿ ಎಂದರೆ ಇಷ್ಟೇ: ನಿಮ್ಮ ಮನೆಯ ಕೆಲಸಕ್ಕೆ ನಾನು ಒಂದು ದಿನ ಬಂದರೆ, ನಮ್ಮ ಮನೆಯ ಕೆಲಸಕ್ಕೆ ನೀವು ಇನ್ನೊಂದು ದಿನ ಬರುತ್ತೀರಿ. ಕೂಲಿ ಇಲ್ಲ, ಊಟ ಉಂಟು. ಹೊಲದಲ್ಲಿ ಕಳೆ ತೆಗೆಯುವುದು, ಕುರಿಯ ಉಣ್ಣೆ ಕತ್ತರಿಸುವುದು, ಬೇಸಿಗೆಯಲ್ಲಿ ಶಾವಿಗೆ ಹೊಸೆಯುವುದು, ಹಪ್ಪಳ ಲಟ್ಟಿಸುವುದು, ಕೌದಿ ಹೊಲಿಯುವುದು, ಎಲ್ಲವೂ ಹೀಗೆಯೇ ನಡೆದುಕೊಂಡು ಬಂದಿದೆ. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ. ಬರೆದಿಡಬೇಕೆಂದು ಹೊಳೆದಿದ್ದು ನನ್ನ ತಂಗಿಯ ಮಗ ಅನೀಸನಿಗೆ ಮತ್ತು ನನ್ನ ಗೆಳತಿ ಕಸ್ತೂರಮ್ಮನ ಮಗಳು ಕಲ್ಪನಾಳಿಗೆ.

ಇವರಿಬ್ಬರೂ ದಾವಣಗೆರೆಯಲ್ಲಿ ಒಟ್ಟಿಗೆ ಕಂಪ್ಯೂಟರ್ ಓದಿ, ಓದು ಮುಗಿದ ಮೇಲೆ ಅನೀಸ್ ನ್ಯಾಮತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯನ್ನೂ, ಕಲ್ಪನಾ ಹೊನ್ನಾಳಿಯಲ್ಲಿ ಡಿಟಿಪಿ ಅಂಗಡಿಯನ್ನೂ ತೆರೆದರು. ದುಡ್ಡಿಗೆ ಸಿಗದ, ಕೈಕೆಲಸಕ್ಕೆ ಮಾತ್ರ ಸಿಗುವ ಕ್ರಿಪ್ಟೋ ಕಾಯಿನ್ ಒಂದನ್ನು ಮಾಡುತ್ತೇವೆ, ಒಂದು ದಿನದ ಮುಯ್ಯಿಗೆ ಒಂದು ಕಾಯಿನ್, ಒಂದೇ ಲೆಕ್ಕ ಮೂರು ಊರಿನ ಮೂರು ಕಂಪ್ಯೂಟರಿನಲ್ಲಿರುತ್ತದೆ, ಹಾಗಾಗಿ ಯಾರೂ ಯಾರಿಗೂ ಸುಳ್ಳು ಹೇಳಲಾರರು ಎಂದರು. ಮೂರನೆಯ ಕಂಪ್ಯೂಟರು ಜಗಳೂರಿನಲ್ಲಿ ಸಿಸಿ ಕ್ಯಾಮರಾ ಮಾರುವ ಪ್ರಸನ್ನಕುಮಾರನದು. ಯಾರು ಏನು ಹೇಳಿದರೂ "ನೀವು ಹೇಳಿದ್ದೇ ಸರಿ ಐತೆ ಬಿಡ್ರಿ" ಎನ್ನುವ ಸದ್ಗುಣಿ ಅವನು. ಮುಯ್ಯಿಯ ವಿಷಯದಲ್ಲಿ ನಮ್ಮವರು ಸುಳ್ಳು ಹೇಳಿದ್ದನ್ನು ನಾನಂತೂ ಕಂಡಿರಲಿಲ್ಲ. ಆದರೂ ಮಕ್ಕಳು ಇಷ್ಟು ಕಷ್ಟಪಟ್ಟು ತಡೆಯುತ್ತೇವೆ ಎನ್ನುವಾಗ ಬೇಡವೆನ್ನಲು ಮನಸ್ಸು ಬರಲಿಲ್ಲ. ಹೀಗೆ ತಮ್ಮ ಮೊದಲನೇ ಅವತಾರವಾಯಿತು.

ಆ ಅವತಾರದಲ್ಲಿ ತಾವು ಬಹಳ ಸಾಧುವಾಗಿದ್ದಿರಿ ಎಂಬುದನ್ನು ನಾನು ಎಲ್ಲಿ ಬೇಕಾದರೂ ಹೇಳಲು ಸಿದ್ಧಳಿದ್ದೇನೆ. ಫೋನಿನಲ್ಲಿ ಕಾಯಿನ್ ಇಡುವ ತಮ್ಮ ಪೆಟ್ಟಿಗೆ ತೆರೆಯಲು ಅನೀಸ್ ಹನ್ನೆರಡು ಕನ್ನಡ ಪದಗಳನ್ನು ಕೊಟ್ಟು, "ಖಾಲಾ, ಇದನ್ನ ಎಲ್ಲೂ ಕಳೀಬೇಡಿ, ಯಾರಿಗೂ ತೋರಿಸ್ಬೇಡಿ" ಎಂದಿದ್ದ. ಅವನಿಗೆ ನಾನು ಖಾಲಾ, ಅಂದರೆ ತಾಯಿಯ ಅಕ್ಕ. ಕಳೆಯಬಾರದೆಂದು ನಾನು ಅವನ್ನು ದಿಂಬಿನ ಕವರಿನ ಮೇಲೆ ಚೈನ್ ಹೊಲಿಗೆಯಲ್ಲಿ ಹೊಲಿದಿಟ್ಟೆ. ಮನೆಗೆ ಬಂದವರಲ್ಲಿ ಕೆಲವರು ಅದನ್ನು ವಚನವೆಂದೇ ತಿಳಿದು ಕೈಮುಗಿದರು. ಕಾಯಿನ್ ಕದಿಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈಗ ಕಸ್ತೂರಮ್ಮನ ವಿಷಯಕ್ಕೆ ಬರುತ್ತೇನೆ; ಈ ಪತ್ರದಲ್ಲಿ ಮಿಕ್ಕದ್ದೆಲ್ಲ ಅವಳ ಸುತ್ತಲಿನ ಅಂಚುಪಟ್ಟಿ. ನಾವಿಬ್ಬರೂ ಚನ್ನಗಿರಿಯ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಿಟಕಿ ಪಕ್ಕದ ಒಂದೇ ಮಿಷನ್ನಿಗೆ ಜಗಳವಾಡಿ ಗೆಳತಿಯರಾದವರು. ಅವಳು ಮದುವೆಯಾಗಿ ಹೊನ್ನಾಳಿಗೆ ಹೋದಳು. ಅಂದಿನಿಂದ ಅವಳ ಮನೆಯ ಶಾವಿಗೆಗೆ ನಾನು ಹೋಗುವುದು, ನಮ್ಮ ಮನೆಯ ಕೌದಿಗೆ ಅವಳು ಬರುವುದು. ಹೊಸೆದ ಶಾವಿಗೆಯಲ್ಲಿ ಒಂದು ಪಾಲು ನಮ್ಮ ರಂಜಾನಿನ ಶೀರ್ ಖುರ್ಮಾಕ್ಕೆ ಬರುತ್ತದೆ, ಹೊಲಿದ ಕೌದಿಯಲ್ಲಿ ಒಂದು ಅವಳ ಮನೆಯ ಮಂಚಕ್ಕೆ ಹೋಗುತ್ತದೆ. ಬಸ್ಸು ಹತ್ತುವಾಗ ಮಾತ್ರ ನಮ್ಮಿಬ್ಬರಿಗೂ ಜಗಳ. ಅವಳು "ಏ ಖಮರು, ನಿಂದೇ ನನ್ ಮೇಲೆ ಐತೆ, ಮುಂದಿನ ಸಲಾನೂ ನಾನೇ ಬರ್ತೀನಿ" ಎನ್ನುತ್ತಾಳೆ. ನಾನು "ಇಲ್ಲ ಕಣೇ, ನಿಂದು ನನ್ ಮೇಲೆ ಐತೆ" ಎನ್ನುತ್ತೇನೆ. ಕಂಡಕ್ಟರು ಸೀಟಿ ಊದುವವರೆಗೂ ಇದು ಬಗೆಹರಿಯುವುದಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ, ತಮ್ಮ ತಂದೆತಾಯಿಗಳು ತಮಗೆ ಹೇಳಿಕೊಡಲು ಮರೆತದ್ದು. ನಮ್ಮ ಕಡೆ ಮುಯ್ಯಿಯನ್ನು ಯಾರೂ ಸರಿಸಮ ತೀರಿಸುವುದಿಲ್ಲ. ಎರಡು ದಿನಕ್ಕೆ ಪ್ರತಿಯಾಗಿ ಮೂರು ದಿನ ಬರುತ್ತಾರೆ, ಇಲ್ಲವೇ ಒಂದೇ ದಿನ ಬಂದು ಹೋಗುವಾಗ ಒಂದು ಡಬ್ಬಿ ಬಿಟ್ಟು ಹೋಗುತ್ತಾರೆ. ಒಂದು ಮನೆ ಇನ್ನೊಂದು ಮನೆಗೆ ಕರಾರುವಾಕ್ಕಾಗಿ ತೀರಿಸಿತೆಂದರೆ ಓಣಿಯವರು "ಏನ್ರೀ, ಏನ್ ಜಗಳ ಆಯ್ತು?" ಎಂದು ಕೇಳುತ್ತಾರೆ. ಬಾಕಿ ಉಳಿದಿದ್ದರೆ ಬರುವುದಕ್ಕೆ ದಾರಿ ಉಳಿದಿದೆ ಎಂದು ಅರ್ಥ. ಕಸ್ತೂರಿ ಇದಕ್ಕಾಗಿ ಇನ್ನೊಂದು ಉಪಾಯ ಮಾಡಿಕೊಂಡಿದ್ದಾಳೆ. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಾರಲ್ಲ, ಹಾಗಾಗಿ ಹೊರಡುವಾಗ ತನ್ನ ಸೂಜಿಯನ್ನು ದಾರದ ಸಮೇತ ನಮ್ಮ ಬಟ್ಟೆಯಲ್ಲೇ ಚುಚ್ಚಿಟ್ಟು, "ಸೂಜಿ ಇಲ್ಲೇ ಐತೆ, ಮತ್ತೆ ಬರ್ತೀನಿ" ಎಂದು ಹೋಗುತ್ತಾಳೆ. ಇಷ್ಟು ವರ್ಷ ಅದೇ ಸೂಜಿ, ಅದೇ ಮಾತು.

ಹೀಗಿರುವಾಗ ಜಗಳೂರಿನಲ್ಲಿ ರಸ್ತೆ ಅಗೆಯುವವರು ಇಂಟರ್‌ನೆಟ್ಟಿನ ಕೇಬಲ್ಲನ್ನು ಕಡಿದುಹಾಕಿದರು. ಬೇರೆ ಯಾರಾದರೂ ಆಗಿದ್ದರೆ ಕೇಬಲ್ಲು ಸರಿಯಾಗುವ ತನಕ ಸುಮ್ಮನೆ ಕೂರುತ್ತಿದ್ದರು. ಆದರೆ ತಾವು ಕಾಯಕಜೀವಿಗಳು. ಜಗಳೂರಿನ ಕಂಪ್ಯೂಟರು ಒಂಟಿಯಾಗಿ ತನ್ನ ಪಾಡಿಗೆ ಒಂದು ಲೆಕ್ಕ ಬರೆಯಿತು, ಹೊನ್ನಾಳಿ ಮತ್ತು ನ್ಯಾಮತಿಯ ಕಂಪ್ಯೂಟರುಗಳು ತಮ್ಮ ಪಾಡಿಗೆ ಇನ್ನೊಂದು ಲೆಕ್ಕ ಬರೆದವು. ಕೇಬಲ್ಲು ಕೂಡಿದಾಗ ನೋಡಿದರೆ ಇಬ್ಬಗೆಯ ಚರಿತ್ರೆ. ಒಂದರ ಪ್ರಕಾರ ಜಗಳೂರು ಕಡೆಯ ಬಿಳಿಚೋಡಿನ ಉಡಚಮ್ಮ ನಮ್ಮ ಮನೆಗೆ ಕೌದಿ ಹೊಲಿಯಲು ಬಂದಿದ್ದಾಳೆ. ಇನ್ನೊಂದರ ಪ್ರಕಾರ ಬಂದೇ ಇಲ್ಲ. ಅವಳು ಬರುವಾಗ ತಂದ ಕಂಬಳಿ ನನ್ನ ಮಂಚದ ಮೇಲಿದೆ, ಅವಳು ಹೇಳಿದ ಕುರಿಮರಿಯ ಕಥೆ ಕೇಳಿ ನಮ್ಮ ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಆದರೆ ಅದ್ಯಾವುದೂ ಸಾಕ್ಷಿಯಾಗುವುದಿಲ್ಲವಂತೆ. ಯಾವ ಚರಿತ್ರೆ ಸರಿ ಎಂದು ಕೇಳಿದರೆ ಪ್ರಸನ್ನಕುಮಾರ "ಎರಡೂ ಸರಿ ಐತೆ ಬಿಡ್ರಿ" ಎಂದ. ಆ ಮಾತು ಕೇಳಿದ ಮೇಲೆ ತಾವು ಮೂರ್ಛೆ ಹೋದಿರಿ. ನಾನಾಗಿದ್ದರೂ ಹೋಗುತ್ತಿದ್ದೆ.

ತಮ್ಮನ್ನು ಮತ್ತೆ ಬದುಕಿಸಬೇಕೆಂದು ಅನೀಸ್ ಮತ್ತು ಕಲ್ಪನಾ ಟೊಂಕ ಕಟ್ಟಿ ನಿಂತರು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತರು ಎಂಬುದೊಂದೇ ಕೊರತೆ. ಅನೀಸನ ವಾದವೆಂದರೆ, ನಮ್ಮ ಖಾಲಾ, ನಮ್ಮ ಉಡಚಮ್ಮ ಇಂಥವರ ಹಳೆಯ ಫೋನಿನಲ್ಲಿ ಹಳೆಯ ಪೆಟ್ಟಿಗೆಯೇ ನಡೆಯಬೇಕು, ಹೊಸ ಕಾಯಿನ್ನು ಅದಕ್ಕೆ ಹೊಂದಿಕೊಳ್ಳಬೇಕು. ಕಲ್ಪನಾಳ ವಾದವೆಂದರೆ, ಪ್ರಪಂಚದ ಎಲ್ಲ ಕಾಯಿನ್ನುಗಳೂ ಯಾವ ನಿಯಮದಲ್ಲಿ ನಡೆಯುತ್ತವೋ ಅದೇ ನಿಯಮದಲ್ಲಿ ನಮ್ಮದೂ ನಡೆಯಬೇಕು, ಹಳೆಯ ಪೆಟ್ಟಿಗೆ ಇದಕ್ಕೆ ಹೊಂದಿಕೊಳ್ಳಬೇಕು. ಇಬ್ಬರ ಮಾತೂ ನ್ಯಾಯವಾದದ್ದೇ. ನ್ಯಾಯವಾದ ಮಾತಾಡುವ ಇಬ್ಬರು ಸೇರಿ ಒಂದು ಕೆಲಸ ಮಾಡುವುದು ಎಷ್ಟು ಕಷ್ಟವೆಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಕಲ್ಪನಾ ಹೊಸ ನಿಯಮದಲ್ಲಿ ಬರೆದಳು. ಆ ನಿಯಮದಲ್ಲಿ ಒಂದು ಕಾಯಿನ್ನಿಗೆ ಪಾಯಿಂಟು ಆದ ಮೇಲೆ ಹದಿನೆಂಟು ಅಂಕಿ ಇರಬೇಕಂತೆ. ಅನೀಸನ ಹಳೆಯ ಲೆಕ್ಕದಲ್ಲಿ ಪಾಯಿಂಟೇ ಇರಲಿಲ್ಲ. ಒಂದು ಎಂದರೆ ಒಂದು. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ತಮ್ಮ ತಮ್ಮದನ್ನು ಜೋಡಿಸಿದ್ದರಿಂದ, ಹಳೆಯದರಲ್ಲಿ ಒಂದು ಎಂದಿದ್ದದ್ದನ್ನು ಹೊಸದು ಆ ಹದಿನೆಂಟನೇ ಜಾಗದ ಒಂದು ಎಂದು ಓದಿತು. ಬೆಳಗ್ಗೆ ಎದ್ದು ಫೋನು ನೋಡಿದರೆ, ಬೆನ್ನು ಬಗ್ಗಿಸಿ ನಾನು ಹೊಸೆದ ಒಂದು ದಿನದ ಶಾವಿಗೆ ಸೊನ್ನೆ, ಒಂದು ಚುಕ್ಕಿ, ಮತ್ತೆ ಇರುವೆ ಸಾಲಿನಂತೆ ಸೊನ್ನೆಗಳು, ಸಾಲಿನ ಬಾಲದಲ್ಲಿ ಒಂದು ಬಡಪಾಯಿ ಒಂದು. ಒಂದು ದಿನದ ಅಷ್ಟು ಸಣ್ಣ ಚೂರಿನಲ್ಲಿ ಯಾವ ಹೆಂಗಸಿಗೂ ಸೂಜಿಗೆ ದಾರ ಪೋಣಿಸುವುದಿರಲಿ, ದಾರದ ತುದಿಯನ್ನು ಬಾಯಿಗೆ ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ನನ್ನ ದುಡಿಮೆಯನ್ನು ಅಳೆದವರು ಇದುವರೆಗೂ ಯಾರೂ ಇರಲಿಲ್ಲ. ಅದಕ್ಕಾಗಿ ತಮಗೆ ನಾನು ಋಣಿ.

ಆಮೇಲೆ ತಾವು ನನ್ನ ಹನ್ನೆರಡು ಕನ್ನಡ ಪದಗಳನ್ನು ಒಪ್ಪಲಿಲ್ಲ. ಇಪ್ಪತ್ನಾಲ್ಕು ಬೇಕು, ಅದೂ ಇಂಗ್ಲಿಷಿನಲ್ಲಿ ಎಂದಿರಿ. ದಿಂಬಿನ ಇನ್ನೊಂದು ಮಗ್ಗುಲು ಖಾಲಿ ಇತ್ತು, ಅದನ್ನೂ ತಮ್ಮ ಸೇವೆಗೆ ಒಪ್ಪಿಸಿದೆ. ಆಗ ತಾವು ನನ್ನ ಫೋನೇ ಹಳೆಯದೆಂದಿರಿ. ಮಗಳ ಹೊಸ ಫೋನು ತೆಗೆದುಕೊಂಡೆ. ಆಗ ತಾವು ನಾನೇ ನಾನೆಂಬುದಕ್ಕೆ ಮುಖ ತೋರಿಸಬೇಕೆಂದಿರಿ, ತೋರಿಸಿದೆ, ಮುಖ ಹೊಂದುತ್ತಿಲ್ಲ ಎಂದಿರಿ. ಈ ವಯಸ್ಸಿನಲ್ಲಿ ಮುಖದ ಬಗ್ಗೆ ಇಂಥ ಮಾತನ್ನು ನನ್ನ ಮನೆಯವರೂ ಆಡಿಲ್ಲ.

ಹಳೆಯ ಲೆಕ್ಕದಿಂದ ಹೊಸ ಲೆಕ್ಕಕ್ಕೆ ದಾಟಲು ನಡುವೆ ಒಂದು ಸೇತುವೆಯ ಹಾಗಿನ ಪ್ರೋಗ್ರಾಮು ಬೇಕಿತ್ತಂತೆ. ಅದರ ಅರ್ಧ ಅನೀಸ್ ಬರೆದ, ಅರ್ಧ ಕಲ್ಪನಾ ಬರೆದಳು. ಅವನು ತನ್ನ ಅರ್ಧವನ್ನು ಅವಳಿಗೆ ಕಳಿಸಿ ಒಪ್ಪಿಗೆ ಕೇಳಿದ. ಹೀಗೆ ಕೇಳುವುದಕ್ಕೆ ಪುಲ್ ರಿಕ್ವೆಸ್ಟು ಎನ್ನುತ್ತಾರೆ. ಅವಳು ಒಪ್ಪಿದೆ ಎನ್ನಲಿಲ್ಲ, ಒಪ್ಪಲಿಲ್ಲ ಎನ್ನಲೂ ಇಲ್ಲ. ಹೆಣ್ಣು ನೋಡಿಕೊಂಡು ಹೋದವರು ಸುದ್ದಿಯನ್ನೇ ಕಳಿಸದಿದ್ದರೆ ಆ ಮನೆಯವರು ಹೇಗೆ ಬಾಗಿಲ ಕಡೆ ನೋಡುತ್ತಿರುತ್ತಾರೋ ಹಾಗೆ ಅನೀಸ್ ತನ್ನ ಕಂಪ್ಯೂಟರನ್ನು ನೋಡುತ್ತ ಕೂತ. ಅಂಗಡಿಗೆ ರಿಪೇರಿಗೆ ಬಂದ ಫೋನುಗಳು ರಾಶಿ ಬಿದ್ದವು. ಏನಾಯಿತೆಂದು ನಾನು ಕೇಳಿದರೆ "ಅವಳು ನೋಡಾಕಾದ್ರೂ ನೋಡ್ಬೇಕಲ್ಲ ಖಾಲಾ" ಎನ್ನುತ್ತಿದ್ದ. ಅವಳನ್ನು ಕೇಳಿದರೆ "ಅವನು ಹೆಂಗೆ ಬರೆದವ್ನೆ ಅಂತ ಹೇಳಾಕಾದ್ರೂ ಹೇಳ್ಬೇಕಲ್ಲ ಖಾಲಾ" ಎನ್ನುತ್ತಿದ್ದಳು. ನಮ್ಮ ಮನೆಗೆ ಬಂದು ಹೋಗಿ ಅವಳಿಗೂ ನಾನು ಖಾಲಾನೇ ಆಗಿದ್ದೇನೆ. ಆದರೆ ಖಾಲಾ ನಡುವೆ ಕೂತು ಓದಿ ಹೇಳಬಹುದಾದ ಭಾಷೆಯಲ್ಲಿ ಅವರು ಜಗಳವಾಡುತ್ತಿರಲಿಲ್ಲ.

ಕೊನೆಗೂ ತಮ್ಮ ತಂದೆತಾಯಿಗಳಿಬ್ಬರೂ ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು ಎಂದು ಹೇಳಲು ನನಗೆ ಹೆಮ್ಮೆಯಾಗುತ್ತದೆ. ಲೆಕ್ಕ ಕೂಡುತ್ತಿಲ್ಲವಾದ್ದರಿಂದ, ಎಲ್ಲರದ್ದೂ ಸೊನ್ನೆ ಮಾಡಿ ಹೊಸದಾಗಿ ಶುರು ಮಾಡುವುದು ಎಂದು ತೀರ್ಮಾನಿಸಿದರು. ಪ್ರಸನ್ನಕುಮಾರನೂ ಸರಿ ಐತೆ ಎಂದ. ಮುಂದಕ್ಕೆ ಹೋಗಬೇಕಾದರೆ "ಇದಕ್ಕೆ ಒಪ್ಪಿಗೆ ಇದೆ" ಎಂಬುದನ್ನು ಒತ್ತಿ ಎಂದು ಫೋನಿನಲ್ಲಿ ಬಂತು. ಎಲ್ಲರೂ ಹೇಗೆ ಓದದೆ ಒತ್ತುತ್ತಾರೋ ಹಾಗೆ ನಾನೂ ಒತ್ತಿದೆ, ಹೊನ್ನಾಳಿಯಲ್ಲಿ ಕಸ್ತೂರಿಯೂ ಒತ್ತಿದಳು. ಒಡನೆಯೇ ನನ್ನ ಫೋನಿಗೆ ತಮ್ಮಿಂದ ಸಂದೇಶ ಬಂತು: "ಕಸ್ತೂರಮ್ಮ ಅವರು ನಿಮ್ಮೊಂದಿಗಿನ ಲೆಕ್ಕವನ್ನು ಮುಗಿಸಿದ್ದಾರೆ. ಬಾಕಿ ಸೊನ್ನೆ. ಅಭಿನಂದನೆಗಳು!" ಕೆಳಗೆ ಬಣ್ಣದ ಕಾಗದಗಳು ಹಾರುತ್ತಿದ್ದವು. ಅದೇ ಗಳಿಗೆಯಲ್ಲಿ ಅವಳ ಫೋನಿಗೆ ನನ್ನ ಹೆಸರಿನಲ್ಲಿ ಅದೇ ಸಂದೇಶ, ಅವೇ ಬಣ್ಣದ ಕಾಗದ.

ಮಾನ್ಯರೇ, ತಾವು ಅಭಿನಂದಿಸಿದ ಮೇಲೆ ನಾನು ಹೊಲಿಗೆ ಮಿಷನ್ನು ನಿಲ್ಲಿಸಿದೆ. ಏನು ತಪ್ಪು ಮಾಡಿದೆನೆಂದು ಯೋಚಿಸಿದೆ. ಹೋದ ಸಲ ಅವಳು ಬಂದಾಗ ಪಲ್ಯಕ್ಕೆ ಖಾರ ಜಾಸ್ತಿಯಾಗಿತ್ತೇ, ಅವಳ ಮೊಣಕಾಲು ನೋವಿನ ಬಗ್ಗೆ ಕೇಳಲು ಮರೆತೆನೇ ಎಂದೆಲ್ಲ ಲೆಕ್ಕ ಹಾಕಿದೆ. ಲೆಕ್ಕ ಮುಗಿಸಿದವಳಿಗೆ ನಾನೇಕೆ ಮೊದಲು ಫೋನು ಮಾಡಬೇಕೆಂದು ಬಿಗುಮಾನವೂ ಬಂತು. ಅವಳೂ ಅಲ್ಲಿ ಇದನ್ನೇ ಯೋಚಿಸುತ್ತಿದ್ದಾಳೆಂದು ನನಗೇನು ಗೊತ್ತು? ಅದು ತಾನಾಗಿಯೇ ಎಲ್ಲರಿಗೂ ಹೋಗುವ ಸಂದೇಶ ಎಂದು ಅನೀಸ್ ಬಾಯಿಬಿಟ್ಟಿದ್ದು ತಡವಾಗಿ. ಕಲ್ಪನಾ ತನ್ನ ತಾಯಿಗೆ ಹೇಳಿದಳಂತೆ. ಕಸ್ತೂರಿ ನಂಬಲಿಲ್ಲ. "ಮಿಷನ್ನೇ ಬರೆದೈತೆ ಅಂದ್ರೂ ಅವಳ ಹೆಸರು ತಾನೇ ಇರೋದು? ಅವಳು ಒತ್ತದೆ ಹೆಂಗೆ ಬರ್ತೈತೆ?" ಎಂದಳಂತೆ. ನಾನು ಫೋನು ಮಾಡಿದಾಗಲೆಲ್ಲ ಅವಳು ಬಟ್ಟೆ ಒಗೆಯುತ್ತಿರುತ್ತಾಳೆ. ಒಂದು ಮನೆಯಲ್ಲಿ ಅಷ್ಟು ಬಟ್ಟೆ ಇರುವುದು ಟೇಲರಾದ ನನಗೂ ಹೊಸ ವಿಷಯ.

ನನ್ನ ಮಗಳು ಮದೀಹಾಳ ನಿಕಾಹ್ ಹತ್ತಿರ ಬಂದಿದೆ. ಅವಳಿಗೆ ಕೊಡುವ ಕೌದಿಯ ಮೂರು ಮೂಲೆ ಮುಗಿದಿದೆ. ನಾಲ್ಕನೇ ಮೂಲೆಯನ್ನು ನಮ್ಮ ಮನೆಯಲ್ಲಿ ಮನೆಯವರು ಹೊಲಿಯುವುದಿಲ್ಲ. ರಕ್ತಸಂಬಂಧವಿಲ್ಲದ, ಆದರೆ ಇಲ್ಲದಿದ್ದರೆ ಆಗದ ಒಂದು ಕೈ ಅದನ್ನು ಹೊಲಿಯಬೇಕು. ನನ್ನ ಮದುವೆಯ ಕೌದಿಯ ಆ ಮೂಲೆಯನ್ನು ಹೊಲಿದವಳು ಕಸ್ತೂರಿ. ಇದರ ಮೂಲೆಯಲ್ಲೂ ಅವಳ ಸೂಜಿ ಕಾಯುತ್ತ ನಿಂತಿದೆ, ಹೋದ ಸಲ ಚುಚ್ಚಿಟ್ಟದ್ದು, ದಾರ ಪೋಣಿಸಿದ್ದು ಪೋಣಿಸಿದ ಹಾಗೆಯೇ. ಮೊನ್ನೆ ಕಲ್ಪನಾ ಫೋನು ಮಾಡಿ, ದನಿ ಸಣ್ಣದು ಮಾಡಿಕೊಂಡು, "ಖಾಲಾ, ಅವ್ವ ತನ್ನ ಸೂಜಿನ ಬಸ್ಸಿಗೆ ಹಾಕಿ ಕಳಿಸಾಕೆ ಹೇಳಿದ್ಲು" ಎಂದಳು. ನಾನು ಅಲ್ಲಿಯವರೆಗೂ ಇದನ್ನೆಲ್ಲ ತಮಾಷೆಯೆಂದೇ ನೋಡುತ್ತಿದ್ದೆ. ಆ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ. ಸೂಜಿ ಕಳಿಸಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ನನ್ನ ಕಾಯಿನ್ನುಗಳನ್ನು ಮರಳಿ ಕೊಡಿ ಎಂದು ನಾನು ಕೇಳುವುದಿಲ್ಲ. ಅವನ್ನು ತಾವೇ ಇಟ್ಟುಕೊಂಡು ಹದಿನೆಂಟು ಅಂಕಿಗಳವರೆಗೆ ಹಂಚಿಕೊಳ್ಳಿ. ನನಗೆ ಬೇಕಾದದ್ದು ನನ್ನ ಬಾಕಿ. ಕಸ್ತೂರಮ್ಮನ ಕೆಲಸ ನನ್ನ ಮೇಲೆ ಇದೆ ಎಂದು ದಯವಿಟ್ಟು ಬರೆದುಕೊಡಿ. ಅದೇ ಹೊತ್ತಿನಲ್ಲಿ ನನ್ನದು ಅವಳ ಮೇಲಿದೆ ಎಂದೂ ಬರೆಯಬೇಕು. ಎರಡನ್ನೂ ಕಳೆದು ಸೊನ್ನೆ ಎನ್ನುವ ಬುದ್ಧಿವಂತಿಕೆಯನ್ನು ತಾವು ತೋರಿಸಬಾರದು; ಇಬ್ಬರದೂ ಇಬ್ಬರ ಮೇಲೂ ಇರಬೇಕು, ಕರಗದೆ ಇರಬೇಕು. ಎಷ್ಟು ಎಂಬ ಜಾಗದಲ್ಲಿ ಅಂಕಿ ತೋರಿಸದೆ "ಐತೆ ಬಿಡ್ರಿ" ಎಂದಷ್ಟೇ ತೋರಿಸತಕ್ಕದ್ದು. ಯಾರಾದರೂ ಲೆಕ್ಕ ಮುಗಿಸಲು ಹೊರಟರೆ ತಾವು ಬಣ್ಣದ ಕಾಗದ ಹಾರಿಸದೆ, ಓಣಿಯವರ ಹಾಗೆ "ಏನ್ ಜಗಳ ಆಯ್ತು?" ಎಂದು ಕೇಳತಕ್ಕದ್ದು. ಇದು ಪ್ರಪಂಚದ ಇತರ ಕಾಯಿನ್ನುಗಳಿಗೆ ಹೊಂದುವುದಿಲ್ಲವಾದರೆ, ಅವುಗಳಿಗೂ ಒಂದು ಬೇಸಿಗೆ ಹೊನ್ನಾಳಿಗೆ ಬಂದು ಶಾವಿಗೆ ಹೊಸೆಯಲು ಹೇಳಿ; ಹೊಂದಿಕೊಳ್ಳುತ್ತವೆ.

ಕೊನೆಯದಾಗಿ, ಈ ಪತ್ರವನ್ನು ಟೈಪು ಮಾಡಿಸಲು ಹೊನ್ನಾಳಿಯ ಕಲ್ಪನಾಳ ಅಂಗಡಿಗೇ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಚನ್ನಗಿರಿಯಲ್ಲಿ ಟೈಪು ಮಾಡುವವರಿಲ್ಲವೆಂದಲ್ಲ, ನನ್ನ ಅಂಗಡಿಯ ಎದುರಿಗೇ ಒಬ್ಬರಿದ್ದಾರೆ. ಆದರೆ ಅವರು ಹಳೆಯ ನುಡಿ ಸಾಫ್ಟ್‌ವೇರಿನಲ್ಲಿ ಟೈಪು ಮಾಡುತ್ತಾರೆ, ತಮ್ಮ ಕಡೆಯವರು ಅದನ್ನು ಯುನಿಕೋಡಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರವಾಗುತ್ತದೆ. ಹೊಂದಾಣಿಕೆಯ ತೊಂದರೆ ಮತ್ತೊಂದು ಯಾಕೆಂದು ಈ ಏರ್ಪಾಡು. ಕಲ್ಪನಾ ಟೈಪು ಮಾಡಿದ ಪ್ರತಿಯೊಂದನ್ನೂ ಅವಳ ತಾಯಿ ಕನ್ನಡಕ ಹಾಕಿಕೊಂಡು ಓದಿ ತಪ್ಪು ತಿದ್ದುತ್ತಾಳೆ ಎಂಬ ಸಂಗತಿ ನನಗೆ ಗೊತ್ತೇ ಇಲ್ಲವೆಂದು ತಾವು ದಯವಿಟ್ಟು ನಂಬಬೇಕು.

ತಮ್ಮ ಮೂರು ಕಂಪ್ಯೂಟರುಗಳಿಗೂ ಕರೆಂಟು ಹೋಗದಿರಲೆಂದೂ, ತಮ್ಮ ಮೂರನೇ ಅವತಾರ ನಾನು ಸತ್ತ ಮೇಲೆ ಆಗಲೆಂದೂ ಹಾರೈಸುತ್ತ,

ತಮ್ಮ ವಿಶ್ವಾಸಿ,
ತಮ್ಮ ಲೆಕ್ಕದಲ್ಲಿ ಮುಖ ಹೊಂದದ,
ಖಮರುನ್ನೀಸಾ

ಮರೆತ ಮಾತು: ಇಲ್ಲಿಂದ ಮುಂದಕ್ಕೆ ಟೈಪು ಮಾಡಿಸಿಲ್ಲ, ಪೆನ್ನಿನಲ್ಲಿ ಬರೆದಿದ್ದೇನೆ. ಟೈಪಾದ ಪ್ರತಿಯನ್ನು ಬಸ್ಸಿಗೆ ಹಾಕದೆ ಕಸ್ತೂರಿಯೇ ತಂದಳು, ಮಗಳ ಸ್ಕೂಟರಿನ ಹಿಂದೆ ಕೂತು. ಹೊಸಿಲಲ್ಲೇ ನಿಂತು "ತಪ್ಪು ಹಂಗೇ ಅವೆ. ತಿದ್ದಾಕೆ ಕೂತ್ರೆ ಕಣ್ಣು ಕಾಣ್ಲಿಲ್ಲ" ಎಂದಳು. ಆಮೇಲೆ "ಸೂಜಿ ಇಸ್ಕೊಂಡು ಹೋಗಾಕೆ ಬಂದೆ, ಎಲ್ಲೈತೆ?" ಎಂದು ಗದರಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಕೌದಿಯ ಮುಂದೆ ಮೊಣಕಾಲು ಮಡಚಲಾರದೆ ಮಡಚಿ ಕೂತು, ನಾಲ್ಕನೇ ಮೂಲೆಯನ್ನು ಹೊಲಿದಳು. ಹೊಲಿಗೆ ಸೊಟ್ಟಗಿದೆ. ಬಿಚ್ಚುವುದಿಲ್ಲ.

ಕೌದಿ ಭಾರವಾದ್ದರಿಂದ ಒಬ್ಬರೇ ಮಡಚಲಾಗುವುದಿಲ್ಲ. ನಿಕಾಹಿನ ಕೆಲಸಕ್ಕೆಂದು ನ್ಯಾಮತಿಯಿಂದ ಬಂದಿದ್ದ ಅನೀಸನ ಕೈಗೆ ಎರಡು ಮೂಲೆ, ಕಲ್ಪನಾಳ ಕೈಗೆ ಎರಡು ಮೂಲೆ ಕೊಟ್ಟೆವು. ಅವನು ಉದ್ದಕ್ಕೆ ಮಡಚಲು ಹೋದ, ಅವಳು ಅಡ್ಡಕ್ಕೆ. ಕೌದಿ ನಡುವೆ ತಿರುಚಿಕೊಂಡು ನಿಂತಿತು. ಕಸ್ತೂರಿ ನೋಡಿ, "ನಿಮ್ ಕಾಯಿನ್ನು ಹೆಂಗೆ ಮಾಡಿದ್ರಿ ಅಂತ ಈಗ ಗೊತ್ತಾಯ್ತು ಬಿಡ್ರಿ" ಎಂದಳು. ಆಮೇಲೆ ಅನೀಸ್ "ನೀ ಹೇಳು, ಹೆಂಗೆ ಹಿಡೀಲಿ?" ಎಂದು ಕೇಳಿದ. ಅವಳು ಹೇಳಿದಳು. ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಿದಾಗ ಕಲ್ಪನಾ "ಆ ಮೆಸೇಜು ಬರೆದಿದ್ದು ನಾನೇ ಕಣೋ" ಎಂದಳು. ಅವನು "ಸೊನ್ನೆ ಮಾಡಾಣ ಅಂದಿದ್ದು ನಾನಲ್ವಾ" ಎಂದ. ಅನೀಸನ ಆ ಪುಲ್ ರಿಕ್ವೆಸ್ಟನ್ನು ಅವಳು ನಮ್ಮ ಪಡಸಾಲೆಯಲ್ಲೇ ಕೂತು ಫೋನಿನಲ್ಲಿ ಓದಿದಳು. ಒಪ್ಪುವ ಮುಂಚೆ ಬೇಕಾದಷ್ಟು ತಪ್ಪು ಹುಡುಕಿದಳು, ಆದರೆ ಓದಿದಳು. "ಐತೆ ಬಿಡ್ರಿ" ಎಂದು ತೋರಿಸುವುದು ಕಷ್ಟವೇನಲ್ಲ ಖಾಲಾ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತಿದ್ದಾರೆ. ನನಗೆ ಭಯವಾಗಿದೆ.

ಆದ್ದರಿಂದ ತಮಗೆ ಕೊನೆಯ ಎಚ್ಚರಿಕೆ: ಆ ದಿನದ ಹೊಲಿಗೆಯನ್ನು ತಮ್ಮ ಯಾವ ಅವತಾರದಲ್ಲೂ, ಯಾವ ಊರಿನ ಕಂಪ್ಯೂಟರಿನಲ್ಲೂ ಬರೆದುಕೊಳ್ಳತಕ್ಕದ್ದಲ್ಲ. ಹೊರಡುವಾಗ ಕಸ್ತೂರಿ ಸೂಜಿಯನ್ನು ಕೈಗೆ ತೆಗೆದುಕೊಂಡಳು. ನಾನು ಬೇರೆ ಕಡೆ ನೋಡಿದೆ. ಸ್ಕೂಟರು ಹೋದ ಮೇಲೆ ನೋಡಿದರೆ, ಮುಂದಿನ ಕೌದಿಗೆಂದು ನಾನು ಎತ್ತಿಟ್ಟಿದ್ದ ಹಳೆಯ ಸೀರೆಯ ಸೆರಗಿನಲ್ಲಿ ಅದು ಚುಚ್ಚಿಕೊಂಡಿತ್ತು, ಹೊಸ ದಾರದೊಂದಿಗೆ.